ಘಟನೋತ್ತರ ಮಂಜೂರಾತಿ

ಉಡುಪಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಸಣ್ಣದು. ಮನೆ ತೆರಿಗೆ ರಸೀದಿ, ನೀರಿನ ಬಿಲ್ಲು, ಖಾತೆ ಬದಲಾವಣೆ ಅರ್ಜಿ, ಉದ್ದಿಮೆ ಪರವಾನಿಗೆ, ಜನನ ಪತ್ರ, ಮರಣ ಪತ್ರ, ಹೀಗೆ ಊರಿನ ಕಾಗದವೆಲ್ಲ ಒಂದಲ್ಲ ಒಂದು ದಿನ ನನ್ನ ಮೆಷಿನ್ನಿನ ಗಾಜಿನ ಮೇಲೆ ಮಲಗಿ ಎದ್ದು ಹೋಗುತ್ತದೆ. ನಗರಸಭೆ ಏನು ಮಾಡುತ್ತದೆ ಅಂತ ನಾನು ಕಲಿತದ್ದು ಈ ಕಾಗದಗಳಿಂದ, ಮತ್ತೆ ಅವನ್ನು ಹಿಡಿದುಕೊಂಡು ಬರುವವರ ಮಾತಿನಿಂದ.

2017ರ ಮಳೆಗಾಲ ಇರಬೇಕು. ಒಬ್ಬ ಸದಸ್ಯರು ತಿಂಗಳ ಸಾಮಾನ್ಯ ಸಭೆಯ ಕಾರ್ಯಸೂಚಿ ತಂದು ಎರಡು ಪ್ರತಿ ಕೇಳಿದರು. ಮೆಷಿನ್ನು ಬಿಸಿಯಾಗುವವರೆಗೆ ಸುಮ್ನೆ ಕಣ್ಣಾಡಿಸಿದೆ. ಹಿಂದಿನ ಸಭೆಯ ನಡಾವಳಿ ದೃಢೀಕರಣ, ತಿಂಗಳ ಜಮಾ-ಖರ್ಚು, ಬೀದಿ ದೀಪದ ನಿರ್ವಹಣೆ, ಬ್ಲೀಚಿಂಗ್ ಪೌಡರ್, ಜೆಸಿಬಿ ಬಾಡಿಗೆ. ಓದಲಿಕ್ಕೆ ಏನೂ ರಸವಿಲ್ಲ. ಆದರೆ ಸುಮಾರು ಸಾಲುಗಳ ಕೊನೆಯಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು: "ಘಟನೋತ್ತರ ಮಂಜೂರಾತಿ ನೀಡುವ ಬಗ್ಗೆ". ಹಾಗಂದ್ರೆ ಎಂತ ಅಂತ ಕೇಳಿದೆ. "ಕೆಲಸ ಆಗಿ ಹೋಗಿದೆ, ಒಪ್ಪಿಗೆ ಈಗ ತೆಗೊಳ್ಳೋದು. ರಾತ್ರಿ ರಸ್ತೆಗೆ ಮರ ಬಿದ್ರೆ ಸಭೆ ಕರೆದು ಕಡಿಯಲಿಕ್ಕೆ ಆಗ್ತದಾ?" ಅಂದರು.

ಆವತ್ತಿನಿಂದ ಕಾರ್ಯಸೂಚಿ ಕೈಗೆ ಬಂದರೆ ನಾನು ಮೊದಲು ಆ ಸಾಲುಗಳನ್ನೇ ಹುಡುಕುತ್ತೇನೆ. ಊರು ಆ ತಿಂಗಳು ಎಲ್ಲಿ ನೋವು ತಿಂದಿದೆ ಅಂತ ಅಲ್ಲಿ ಗೊತ್ತಾಗುತ್ತದೆ. ಮುಂದೆ ಮಾಡುವ ಕೆಲಸದ ಪಟ್ಟಿ ಆಸೆಯ ಪಟ್ಟಿ, ಅದರಲ್ಲಿ ಅರ್ಧ ಆಗಬಹುದು, ಆಗದೆಯೂ ಇರಬಹುದು. ಘಟನೋತ್ತರ ಅಂತ ಇದ್ದರೆ ಮಾತ್ರ ಯಾರೋ ಒಬ್ಬ ನಿಜವಾಗಿ ನೀರಿಗಿಳಿದಿದ್ದಾನೆ, ಯಾರೋ ಒಬ್ಬ ಟ್ಯಾಂಕರ್ ಓಡಿಸಿದ್ದಾನೆ, ಆಮೇಲೆ ಕಾಗದ ಬಂದಿದೆ.

ಇದನ್ನೆಲ್ಲ ಈಗ ಬರೆಯಲು ಕಾರಣ, ಉಡುಪಿ ಈಚಿನ ವರ್ಷಗಳಲ್ಲಿ ಕಂಡ ಅತಿ ಕಷ್ಟದ ದಿನಗಳಲ್ಲಿ ಈ ಸಭೆಯೇ ಇರಲಿಲ್ಲ. ಜನರಿಗೆ ಇದು ಮರೆತೇ ಹೋಗಿದೆ. ನನಗೆ ಮರೆಯಲಿಕ್ಕೆ ಆಗುವುದಿಲ್ಲ.

2018ರ ಆಗಸ್ಟ್ 31ಕ್ಕೆ ನಾವು ಓಟು ಹಾಕಿದೆವು. 35 ವಾರ್ಡ್, 35 ಸದಸ್ಯರು. ಗೆದ್ದವರು ಹಾರ ಹಾಕಿಸಿಕೊಂಡರು. ಅಷ್ಟರಲ್ಲಿ ರಾಜ್ಯದ ಊರೂರುಗಳ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿಯ ತಕರಾರು ಹೈಕೋರ್ಟಿಗೆ ಹೋಯಿತು. ಪಟ್ಟಿ ಇತ್ಯರ್ಥ ಆಗದೆ ಅಧ್ಯಕ್ಷರ ಆಯ್ಕೆ ಇಲ್ಲ. ಅಧ್ಯಕ್ಷರಿಲ್ಲದೆ ಸಭೆ ಇಲ್ಲ. ಗೆದ್ದವರು ಗೆದ್ದವರಾಗಿಯೇ ಉಳಿದರು, ಅಧಿಕಾರ ಆಡಳಿತಾಧಿಕಾರಿಯ ಕೈಯಲ್ಲಿ. ಒಂದೆರಡು ತಿಂಗಳ ಮಾತು ಅಂದುಕೊಂಡಿದ್ದೆವು. ಎರಡು ವರ್ಷ ದಾಟಿತು.

ಆ ಎರಡು ವರ್ಷದಲ್ಲಿ ಬಂದದ್ದು ಏನೇನು ನೋಡಿ. 2019ರ ಬೇಸಿಗೆಯ ಬರ. 2020ರ ಲಾಕ್‌ಡೌನ್. 2020ರ ಸೆಪ್ಟೆಂಬರಿನ ನೆರೆ.

ಬರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೊರಗಿನವರು ನಂಬುವುದೇ ಇಲ್ಲ. ವರ್ಷಕ್ಕೆ 4000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಊರಲ್ಲಿ ನೀರಿಲ್ಲವಾ ಅಂತ ಕೇಳುತ್ತಾರೆ. ಮಳೆ ಬೀಳುತ್ತದೆ, ನಾಲ್ಕು ತಿಂಗಳಲ್ಲಿ ಎಲ್ಲ ಸಮುದ್ರಕ್ಕೆ ಹೋಗುತ್ತದೆ. ನಗರಕ್ಕೆ ನೀರು ಬರುವುದು ಸ್ವರ್ಣಾ ನದಿಯಿಂದ. ಹಿರಿಯಡ್ಕದ ಹತ್ತಿರ ಬಜೆಯಲ್ಲಿ ಅಣೆಕಟ್ಟು, ಅದರ ಮೇಲೆ ಶಿರೂರಿನಲ್ಲಿ ಇನ್ನೊಂದು. ಅಣೆಕಟ್ಟು ಅಂದ ಕೂಡಲೇ ಲಿಂಗನಮಕ್ಕಿ ಕಣ್ಣಿಗೆ ಬರಬಾರದು. ಇವು ಹಲಗೆ ಹಾಕಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟುಗಳು. ಮಳೆ ನಿಂತ ಮೇಲೆ ನಿಂತ ನೀರು ಎಷ್ಟೋ ಅಷ್ಟೇ, ಅದನ್ನೇ ಮೇ ಕೊನೆಯವರೆಗೆ ಎಳೆಯಬೇಕು.

2019ರಲ್ಲಿ ಎಳೆಯಲು ಆಗಲಿಲ್ಲ. ಮೇ ಬರುವಾಗ ಬಜೆಯಲ್ಲಿ ಬಂಡೆ ಕಾಣತೊಡಗಿತು. ನದಿಯ ಮೇಲ್ಭಾಗದಲ್ಲಿ ಅಲ್ಲಲ್ಲಿ ಗುಂಡಿಯಲ್ಲಿ ನಿಂತ ನೀರಿಗೆ ಪಂಪು ಇಟ್ಟು ಬಜೆಗೆ ಹಾಯಿಸಿದರು. ಕಲ್ಲು, ಹೂಳು ಸರಿಸಿ ದಾರಿ ಮಾಡಿಕೊಟ್ಟರು. ಅಧಿಕಾರ ಇಲ್ಲದ ಸದಸ್ಯರು ಶ್ರಮದಾನಕ್ಕೆ ನದಿಗೆ ಇಳಿದದ್ದು ಆಗಲೇ. ಲೋಕಸಭೆ ಚುನಾವಣೆಯ ನೀತಿಸಂಹಿತೆ ಬೇರೆ ಇತ್ತು. ನಮ್ಮಲ್ಲಿ ಏಪ್ರಿಲ್ 18ಕ್ಕೇ ಮತದಾನ ಮುಗಿದರೂ ಎಣಿಕೆ ಮೇ 23ಕ್ಕೆ. ಅಲ್ಲಿಯವರೆಗೆ ಒಂದೊಂದು ಹೊಸ ಕೆಲಸಕ್ಕೂ ಅನುಮತಿ ಕೇಳುವ ಪರಿಸ್ಥಿತಿ.

ನಮ್ಮ ಮನೆ ಗುಡ್ಡದ ಮೇಲೆ, ಲೈನಿನ ಕೊನೆಯ ಹತ್ತಿರ. ಪಾಳಿ ಹಾಕಿ ನೀರು ಬಿಡುತ್ತಿದ್ದರು. ನಮ್ಮ ಪಾಳಿ ಬಂದ ದಿನ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕೊಡಪಾನ, ಬಕೆಟ್, ಹಂಡೆ, ಕುಕ್ಕರನ್ನೂ ಬಿಡದೆ ಸಾಲಾಗಿ ಇಟ್ಟು ಕೂರುವುದು. ಗೋಡೆಯ ಆಚೆಯಿಂದ ನೆರೆಮನೆಯ ಅಮ್ಮ ತುಳುವಿನಲ್ಲಿ "ನೀರ್ ಬತ್ತ್ಂಡಾ?", ನೀರು ಬಂತಾ ಅಂತ ಕೇಳುತ್ತಿದ್ದರು. "ಇಜ್ಜಿ", ಇಲ್ಲ ಅನ್ನುವುದು. ಆ ಮೇ ತಿಂಗಳಲ್ಲಿ ನಮ್ಮ ಬೀದಿಯ ಮಾತುಕತೆ ಹೆಚ್ಚುಕಡಿಮೆ ಇಷ್ಟೇ.

ಒಂದು ದಿನ ಕಾದು ಕಾದು ಸಾಕಾಗಿ ಟಾರ್ಚ್ ಹಿಡಿದು ರಸ್ತೆ ತಿರುವಿನವರೆಗೆ ಇಳಿದೆ. ನೀರು ಬಿಡುವವರು ಅಲ್ಲಿಯೇ ಇದ್ದರು. ಐವತ್ತು ದಾಟಿದ ಮನುಷ್ಯ. ಕೈಯಲ್ಲಿ ಎದೆಯೆತ್ತರದ ಕಬ್ಬಿಣದ ಕೀ, ಮೇಲೆ ಅಡ್ಡ ಹಿಡಿಕೆ. ಚೇಂಬರಿನ ಮುಚ್ಚಳ ಸರಿಸಿ, ಕೀಯನ್ನು ಒಳಗೆ ಕೂರಿಸಿ ತಿರುಗಿಸುತ್ತಾ ಬಾಯಲ್ಲಿ ಸುತ್ತು ಎಣಿಸುತ್ತಿದ್ದರು. ಎಣಿಕೆ ಮುಗಿದ ಮೇಲೆ ಅವರು ಮಾಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಬಾಗಿ, ಕೀಯ ಹಿಡಿಕೆಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ನಿಂತರು. ವೈದ್ಯರು ಎದೆಗೆ ಕಿವಿ ಕೊಟ್ಟ ಹಾಗೆ. ಕಬ್ಬಿಣದ ಮೂಲಕ ನೀರು ಹೋಗುವ ಸದ್ದು ಕೇಳುತ್ತದಂತೆ. "ಕೆಳಗಿನವರು ಪಂಪು ಇಟ್ಟು ಎಳೀತಾ ಇದ್ದಾರೆ. ನಿಮ್ಮ ಗುಡ್ಡೆಗೆ ಹತ್ತುವ ಒತ್ತಡ ಇಲ್ಲ. ಕೆಳಗಿನದ್ದು ಅರ್ಧ ಕಟ್ಟಿ ನೋಡ್ತೇನೆ" ಅಂದರು. ಕಟ್ಟಿದರು. ಆಮೇಲೆ ನನ್ನ ಜೊತೆ ಗುಡ್ಡೆ ಹತ್ತಿ ಬಂದರು. ನಲ್ಲಿ ಮೊದಲು ಸುಂಯ್ ಅಂತ ಗಾಳಿ ಬಿಟ್ಟಿತು, ಎರಡು ಸಲ ಕೆಮ್ಮಿತು, ಕೆಂಪು ನೀರು ಬಂತು, ಆಮೇಲೆ ಸರಿ ನೀರು, ಕಿರುಬೆರಳಿನಷ್ಟು ದಪ್ಪ. ಅವರು ಲೈನಿನ ಕೊನೆಯ ಮನೆಗೆ ಹೋಗಿ ಅಲ್ಲೂ ಬಂದದ್ದು ನೋಡಿಕೊಂಡೇ ಕೆಳಗಿಳಿದರು. ಚಾ ಕುಡಿದು ಹೋಗಿ ಅಂದರೆ, "ಚಾಕ್ಕೆ ನೀರು ಖರ್ಚು ಮಾಡ್ಬೇಡಿ" ಅಂದರು. ತಮಾಷೆಗೆ ಹೇಳಿದ್ದಲ್ಲ.

ಆ ವರ್ಷ ಮುಂಗಾರು ಕೇರಳಕ್ಕೇ ಬಂದದ್ದು ಜೂನ್ 8ಕ್ಕೆ. ನಮಗೆ ಇನ್ನೂ ತಡ.

ಆ ಬೇಸಿಗೆಯಲ್ಲಿ ಕೆಲಸ ನಿಂತಿರಲಿಲ್ಲ ಅಂತ ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಟ್ಯಾಂಕರ್ ಓಡುತ್ತಿತ್ತು, ಎಂಜಿನಿಯರುಗಳು ರಾತ್ರಿ ಬಜೆಯಲ್ಲಿ ಇರುತ್ತಿದ್ದರು. ನಮ್ಮ ವಾರ್ಡಿನ ಸದಸ್ಯರ ಫೋನು ಬೆಳಿಗ್ಗೆ ಆರಕ್ಕೆ ಶುರುವಾದರೆ ರಾತ್ರಿ ಹನ್ನೊಂದರವರೆಗೆ ಬಿಡುವಿಲ್ಲ. ಟ್ಯಾಂಕರ್ ಎಲ್ಲಿ, ಯಾವ ಮನೆಯಲ್ಲಿ ಹುಷಾರಿಲ್ಲದವರಿದ್ದಾರೆ, ಎಲ್ಲಿ ಬಾಣಂತಿ ಇದ್ದಾಳೆ, ಎಲ್ಲಿ ಬಾವಿ ಉಂಟು, ಆ ಬಾವಿಯವರು ನೀರು ಕೊಡುತ್ತಾರಾ, ಇದೆಲ್ಲ ಆ ಮನುಷ್ಯನ ತಲೆಯೊಳಗೆ ಇತ್ತು. ಸಹಿ ಹಾಕುವ ಅಧಿಕಾರ ಒಂದಕ್ಕೂ ಇಲ್ಲ. ಆದರೂ ಎಲ್ಲರೂ ಅವರನ್ನೇ ಕೇಳುತ್ತಿದ್ದರು, ಓಟು ಹಾಕಿದ್ದು ಅವರಿಗೆ ಅಲ್ವಾ.

ಕೆಲಸ ಇತ್ತು, ಕೇಳುವ ಜಾಗ ಇರಲಿಲ್ಲ. ನನ್ನ ಸಂಕಟ ಇದೊಂದೇ. ಮೇಲಿನ ಬೀದಿಗೆ ಆರು ದಿನಕ್ಕೊಮ್ಮೆ, ಕೆಳಗಿನ ಬೀದಿಗೆ ಮೂರು ದಿನಕ್ಕೊಮ್ಮೆ ಯಾಕೆ ಅಂತ 35 ಜನ ಕೂತ ಹಾಲಿನಲ್ಲಿ ಎದ್ದು ನಿಂತು ಕೇಳುವುದು ಬೇರೆ, ಒಬ್ಬ ಅಧಿಕಾರಿಯ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಕಾಯುವುದು ಬೇರೆ. ಅಧಿಕಾರಿ ಒಳ್ಳೆಯವರೇ ಇರಬಹುದು. ಒಳ್ಳೆಯವರು ಸಿಕ್ಕಿದ್ದು ನಮ್ಮ ಪುಣ್ಯ, ಆದರೆ ಪುಣ್ಯದ ಮೇಲೆ ಊರು ನಡೆಯಬಾರದು. ಸಭೆಯಲ್ಲಿ ಕೇಳಿದ್ದು ನಡಾವಳಿಯಲ್ಲಿ ಬರುತ್ತದೆ. ಪತ್ರಿಕೆಯವರು ಕೂತಿರುತ್ತಾರೆ. ಮುಂದಿನ ತಿಂಗಳು ಅದೇ ವಿಷಯ ಮತ್ತೆ ಎತ್ತಬಹುದು. ಸಭೆಯಲ್ಲಿ ಕೂಗಾಟ ಆಗುತ್ತದೆ ಅಂತ ಜನ ಮೂಗು ಮುರಿಯುತ್ತಾರಲ್ಲ, ನನಗೆ ಆ ಕೂಗಾಟವೂ ಬೇಕು. ಮೋರಿ ಬಗ್ಗೆ ಕೂಗಾಡುವವರು ಇರುವ ಊರು ನನಗೆ ಇಷ್ಟ.

ಲಾಕ್‌ಡೌನ್ ಬಂದದ್ದು 2020ರ ಮಾರ್ಚ್ ಕೊನೆಗೆ. ಹಣಕಾಸು ವರ್ಷ ಮುಗಿಯುವ ಹೊತ್ತು, ತೆರಿಗೆ ಕೌಂಟರಿನಲ್ಲಿ ಸಾಲು ಇರಬೇಕಾದ ಹೊತ್ತು. ಏಪ್ರಿಲ್‌ನಲ್ಲಿ ಮನೆ ತೆರಿಗೆ ಕಟ್ಟಿದರೆ 5% ರಿಯಾಯಿತಿ ಅಂತ ಜನ ಕಾದು ಕಟ್ಟುವುದು, ಆ ಏಪ್ರಿಲ್ಲೇ ಇಡೀ ಬಂದ್. ಸರ್ಕಾರ ರಿಯಾಯಿತಿಯ ಗಡುವು ಮುಂದೆ ಹಾಕಿತು, ಸರಿ. ಆದರೆ ನಗರಸಭೆಯ ಸ್ವಂತ ಆದಾಯ ಯಾವುದು ಹೇಳಿ. ಮನೆ ತೆರಿಗೆ, ನೀರಿನ ಬಿಲ್ಲು, ಅಂಗಡಿಗಳ ಪರವಾನಿಗೆ ಶುಲ್ಕ, ತನ್ನ ಕಟ್ಟಡಗಳ ಬಾಡಿಗೆ. ಅಂಗಡಿ ಮುಚ್ಚಿದರೆ ಇದರಲ್ಲಿ ಎರಡು ಅಲ್ಲಿಗೇ ನಿಂತಿತು. ತೆರಿಗೆಯ ಜೊತೆ ಕಟ್ಟಿಸಿಕೊಳ್ಳುವ ಕರಗಳೂ ಅದರದ್ದಲ್ಲ. ಗ್ರಂಥಾಲಯ ಕರ 6% ಗ್ರಂಥಾಲಯಕ್ಕೆ ಹೋಗಬೇಕು, ಭಿಕ್ಷುಕರ ಕರ 3% ಅದರ ನಿಧಿಗೆ. ಖರ್ಚು ಮಾತ್ರ ಒಂದೂ ನಿಲ್ಲುವುದಿಲ್ಲ. ಬಜೆಯ ಪಂಪಿಗೆ ಕರೆಂಟು, ಕಸದ ಗಾಡಿಗೆ ಡೀಸೆಲ್, ಬೀದಿ ದೀಪ, ನಿಟ್ಟೂರಿನ ಕೊಳಚೆ ನೀರಿನ ಘಟಕ. ನನ್ನ ಅಂಗಡಿ ಮುಚ್ಚಿ ಮನೆಯಲ್ಲಿ ಕೂತು ಬಾಡಿಗೆ ಲೆಕ್ಕ ಹಾಕುವಾಗ ನನಗೆ ಅನ್ನಿಸಿತ್ತು, ಊರಿಗೂ ನನ್ನದೇ ಲೆಕ್ಕ, ಸೊನ್ನೆ ಜಾಸ್ತಿ ಅಷ್ಟೇ.

ಪೌರಕಾರ್ಮಿಕರು ಒಂದು ದಿನವೂ ತಪ್ಪಿಸಲಿಲ್ಲ. ಮುಂಬಯಿಯಲ್ಲಿ ಹೋಟೆಲು, ಕ್ಯಾಂಟೀನು ಅಂತ ದುಡಿಯುತ್ತಿದ್ದ ನಮ್ಮವರೆಲ್ಲ ಮೇ ತಿಂಗಳಲ್ಲಿ ಊರಿಗೆ ಬಂದರು, ಶಾಲೆಗಳೂ ಲಾಡ್ಜುಗಳೂ ಕ್ವಾರಂಟೈನ್ ಕೇಂದ್ರ ಆದವು. ಆ ಕೇಂದ್ರಗಳ ಕಸ ಬೇರೆ, ಹಳದಿ ಚೀಲದಲ್ಲಿ. ನಮ್ಮ ಬೀದಿಗೆ ಬರುತ್ತಿದ್ದ ಹೆಂಗಸು ಉತ್ತರ ಕರ್ನಾಟಕದವರು. ಗೇಟಿನಿಂದ ನಾಲ್ಕು ಹೆಜ್ಜೆ ದೂರ ನಿಂತು, "ಅಣ್ಣಾ, ಚೀಲ ಅಲ್ಲೇ ಇಡ್ರಿ, ನೀವು ಒಳಗ ಹೋಗ್ರಿ, ಆಮ್ಯಾಲೆ ನಾ ತಗೋತೀನಿ" ಅನ್ನುತ್ತಿದ್ದರು. ನಮ್ಮಿಂದ ಅವರಿಗೆ ಬರಬಾರದು ಅಂತ ಅಲ್ಲ, ಅವರಿಂದ ನಮಗೆ ಬರಬಾರದು ಅಂತ. ಹತ್ತು ಮನೆಯ ಕಸ ಮುಟ್ಟಿದ ಕೈ ನಂದು ಅಂದರು. ಅದನ್ನು ಕೇಳಿ ನನಗೆ ಮಾತು ಹೊರಡಲಿಲ್ಲ.

ಈ ಊರಿಗೆ ಈ ವಿಷಯದಲ್ಲಿ ಒಂದು ಹಿಂದಿನ ಕಥೆ ಉಂಟು, ಹೇಳದೆ ಮುಂದೆ ಹೋಗಲಾರೆ. 1968ರಲ್ಲಿ ಡಾ. ವಿ. ಎಸ್. ಆಚಾರ್ಯರು ಪುರಸಭೆಯ ಅಧ್ಯಕ್ಷರಾದಾಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಅವರ ಕಾಲದಲ್ಲಿ ಉಡುಪಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು, ದೇಶದಲ್ಲೇ ಮೊದಲು ಎನ್ನುವ ಹೆಸರು ಬಂತು. ದಿಲ್ಲಿಯ ಕಾನೂನು ಬರಲು ಇನ್ನೂ ಎಷ್ಟೋ ವರ್ಷ ಇತ್ತು, ಅದು ಬಂದದ್ದು 1993ರಲ್ಲಿ. ಒಂದು ಸಣ್ಣ ಊರಿನ ಪುರಸಭೆ, ನಾಲ್ಕು ಜನ ಕೂತು, ಇದು ಇಲ್ಲಿ ಇನ್ನು ಇಲ್ಲ ಅಂತ ತೀರ್ಮಾನ ಬರೆದರು. ಅದೂ ಒಂದು ದಿನದ ಕಾರ್ಯಸೂಚಿಯಲ್ಲಿ ಒಂದು ಸಾಲು ಆಗಿಯೇ ಬಂದಿರಬೇಕು, ಬೀದಿ ದೀಪದ ಸಾಲಿನ ಮೇಲೋ ಕೆಳಗೋ.

ಇನ್ನು ನೆರೆ. 2020ರ ಸೆಪ್ಟೆಂಬರ್ 20, ಭಾನುವಾರ. ಇಡೀ ರಾತ್ರಿ ಸುರಿದ ಮಳೆಗೆ ಬೆಳಗಾಗುವಾಗ ಕಲ್ಸಂಕ, ಬನ್ನಂಜೆ, ಗುಂಡಿಬೈಲು, ಮಠದಬೆಟ್ಟು ಎಲ್ಲ ನೀರು. ಕೃಷ್ಣಮಠದ ಪಾರ್ಕಿಂಗ್ ಜಾಗ ಕೆರೆ ಆಗಿತ್ತು. ಪೇಟೆಯ ನಡುವೆ ದೋಣಿ ತಂದು ಜನರನ್ನು ಹೊರಗೆ ತಂದರು. ಅದನ್ನು ಟೀವಿಯಲ್ಲಿ ಎಲ್ಲರೂ ನೋಡಿದ್ದಾರೆ. ಟೀವಿಯವರು ಹೋದ ಮೇಲಿನ ಸೋಮವಾರ, ಮಂಗಳವಾರ ಹೇಗಿತ್ತು ಅಂತ ಹೇಳುತ್ತೇನೆ.

ನೀರು ಇಳಿದ ಮನೆಯಲ್ಲಿ ಮೊದಲು ಹೊರಗೆ ಬರುವುದು ಹಾಸಿಗೆ. ನೀರು ಕುಡಿದ ಹತ್ತಿಯ ಹಾಸಿಗೆ ಒಬ್ಬನಿಂದ ಅಲುಗುವುದಿಲ್ಲ. ಇಬ್ಬರು ಆ ತುದಿ, ಇಬ್ಬರು ಈ ತುದಿ ಹಿಡಿದು ಎಳೆದು ಗಾಡಿಗೆ ಹಾಕುವಾಗ ಮೈಮೇಲೆಲ್ಲ ಚರಂಡಿ ನೀರು. ಬನ್ನಂಜೆಯಲ್ಲಿ ಸ್ನೇಹಿತನ ಮನೆಗೆ ಕೈಜೋಡಿಸಲು ಹೋದವನು ನಾನು ಅಂಥ ಆರು ಹಾಸಿಗೆ ಎತ್ತಿ ಸೊಂಟ ಹಿಡಿದು ಕೂತೆ. ಪೌರಕಾರ್ಮಿಕರು ಬೆಳಿಗ್ಗೆಯಿಂದ ಅದನ್ನೇ ಮಾಡುತ್ತಿದ್ದರು. ಆಮೇಲೆ ಬಾವಿಗಳು. ನಮ್ಮಲ್ಲಿ ಮನೆಮನೆಗೆ ಬಾವಿ, ಬೇಸಿಗೆಯಲ್ಲಿ ಅದೇ ಆಧಾರ, ಆವತ್ತು ಅದರಲ್ಲಿ ತೋಡಿನ, ಅಂದರೆ ಹಳ್ಳದ ನೀರು, ಶೌಚದ ಗುಂಡಿಯ ನೀರು ಎಲ್ಲ. ನೀರು ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಹಾಕಿ, ಕುದಿಸಿಯೇ ಕುಡಿಯಿರಿ ಅಂತ ಹೇಳಿ ಮುಂದಿನ ಮನೆಗೆ. 2017ರ ಆ ಕಾಗದದಲ್ಲಿ ನಾನು ಓದಿದ್ದ ಬ್ಲೀಚಿಂಗ್ ಪೌಡರ್ ಅಂದರೆ ಇದು ಅಂತ ಆಗ ಕಣ್ಣಿಗೆ ಕಂಡಿತು.

ನೆರೆ ಯಾಕೆ ಬಂತು ಅಂತ ಕೇಳಿದರೆ ಮಳೆ ಜಾಸ್ತಿ ಅಂತ ಹೇಳಿಬಿಡಬಹುದು. ಮಳೆ ಜಾಸ್ತಿಯೇ, ಸುಳ್ಳಲ್ಲ. ಆದರೆ ಕಲ್ಸಂಕ ಅನ್ನುವ ಹೆಸರಿನಲ್ಲೇ ಸಂಕ ಉಂಟು, ತೋಡು ದಾಟುವ ಸೇತುವೆ. ಅಡಿಯಲ್ಲಿ ಹರಿಯುವುದು ಇಂದ್ರಾಣಿ. ಹಿಂದೆ ಅದರ ಎರಡೂ ಬದಿ ಗದ್ದೆ. ಬೈಲು ಅಂತ ಹೆಸರಿರುವ ಜಾಗವೆಲ್ಲ ನೀರು ನಿಲ್ಲಲಿಕ್ಕೆ ಇದ್ದ ಜಾಗ. ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟಿದವರಲ್ಲಿ ನಮ್ಮ ನೆಂಟರೂ ಇದ್ದಾರೆ, ಕಟ್ಟುವಾಗ ನಾನೂ ಹೋಗಿ ಗೃಹಪ್ರವೇಶದ ಊಟ ಮಾಡಿ ಬಂದಿದ್ದೇನೆ. ತೋಡಿನ ಹೂಳು ಪ್ರತಿ ಮೇ ತಿಂಗಳಲ್ಲಿ ತೆಗೆಯಬೇಕು, ಇದು ಯಾರಿಗೂ ಫೋಟೋ ಬೇಕಾಗದ ಕೆಲಸ. ಎಷ್ಟು ದೂರ ತೆಗೆದರು, ಎಲ್ಲಿ ಬಿಟ್ಟರು, ತೆಗೆದ ಹೂಳನ್ನು ದಡದಲ್ಲೇ ಹಾಕಿದರಾ ಅಂತ ವಾರ್ಡು ವಾರ್ಡಿನವರು ಎದ್ದು ಕೇಳಬೇಕಾದದ್ದು ಮೇ ತಿಂಗಳ ಸಭೆಯಲ್ಲಿ. 2019ರ ಮೇ ಸಭೆ ಇಲ್ಲ. 2020ರ ಮೇ ಸಭೆ ಇಲ್ಲ.

2020ರ ಕೊನೆಗೆ ಅಂತೂ ಅಧ್ಯಕ್ಷರ ಆಯ್ಕೆ ಆಯಿತು. ಸದಸ್ಯರು ಮತ್ತೆ ನನ್ನ ಅಂಗಡಿಗೆ ಬಂದು ಕಾಗದ ಕೊಟ್ಟ ದಿನ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಅಧ್ಯಕ್ಷರ ಅವಧಿ 30 ತಿಂಗಳು. 2023ರ ಬೇಸಿಗೆಯಲ್ಲಿ ಅದು ಮುಗಿಯಿತು. ಮುಂದಿನ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ನಡುವೆ ಮತ್ತೆ ಖಾಲಿ. 2023ರಲ್ಲಿ ವಿಧಾನಸಭೆ ಚುನಾವಣೆ, ಮತ್ತೆ ನೀತಿಸಂಹಿತೆ. ಮತ್ತೆ ಬಜೆ ತಳ ಕಂಡಿತು. ಮುಂಗಾರು ಕೇರಳಕ್ಕೆ ಬಂದದ್ದು ಆ ಸಲವೂ ಜೂನ್ 8ಕ್ಕೇ. ಗೋಡೆಯ ಆಚೆಯಿಂದ "ನೀರ್ ಬತ್ತ್ಂಡಾ?" ಮತ್ತೆ ಶುರುವಾಯಿತು. ವಾರಾಹಿ ನದಿಯಿಂದ ನೀರು ತರುವ ಪೈಪಿನ ಯೋಜನೆ ಬಗ್ಗೆ ಮೊದಲ ಬರದಲ್ಲೂ ಮಾತು ಕೇಳಿದ್ದೆವು, ಎರಡನೆಯ ಬರದಲ್ಲೂ ಕೇಳಿದೆವು.

ಪಟ್ಟಿ ತಡವಾದದ್ದು ಉಡುಪಿಗೆ ಮಾತ್ರ ಅಲ್ಲ, ರಾಜ್ಯದ ಎಷ್ಟೋ ಊರುಗಳ ಪಾಡು ಇದೇ. ಶಾಸಕರ ಸ್ಥಾನ ಹೀಗೆ ಎರಡು ವರ್ಷ ಖಾಲಿ ಬಿದ್ದಿದ್ದರೆ ಊರು ಸುಮ್ಮನಿರುತ್ತಿತ್ತಾ? ನಗರಸಭೆ ಆದ ಕಾರಣ ಯಾರಿಗೂ ಏನೂ ಅನ್ನಿಸಲಿಲ್ಲ. ನನಗೆ ಇದು ತುಂಬ ನೋವಿನ ವಿಷಯ. ನಮ್ಮ ನಲ್ಲಿ, ನಮ್ಮ ಕಸ, ನಮ್ಮ ತೋಡು, ಸತ್ತ ಮೇಲೆ ಬೀಡಿನಗುಡ್ಡೆಯ ಸ್ಮಶಾನ, ಎಲ್ಲ ಅಲ್ಲಿಯೇ ಅಲ್ವಾ ತೀರ್ಮಾನ ಆಗುವುದು?

2024ರಲ್ಲಿ ಸಭೆ ಮತ್ತೆ ಶುರುವಾದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಕಾರ್ಯಸೂಚಿ ಕೈಗೆ ಬಂದಾಗೆಲ್ಲ ಕೇಳಿಕೊಂಡು ಒಂದು ಪ್ರತಿ ಜಾಸ್ತಿ ತೆಗೆದು ಅಂಗಡಿಯ ಹೊರಗಿನ ಬೋರ್ಡಿಗೆ ಪಿನ್ನು ಹೊಡೆಯುವುದು. ಮೊದಲೆರಡು ತಿಂಗಳು ಯಾರೂ ನೋಡಲಿಲ್ಲ. ಆಮೇಲೆ ಆಟೋ ಸ್ಟ್ಯಾಂಡಿನವರು ನಿಂತು ಓದತೊಡಗಿದರು. "ಇದೆಂತ ನಮ್ಮ ರಸ್ತೆಯ ಹೆಸರೇ ಇಲ್ಲ" ಅಂತ ಒಬ್ಬರು ಫೋನು ತೆಗೆದರು.

ಒಬ್ಬ ಅಜ್ಜಿ ಬರುತ್ತಾರೆ. ಅವರ ಮನೆಗೆ ಹೋಗುವ ಕಾಲುಸಂಕದ ಕೈಹಿಡಿ ನೆರೆಯಲ್ಲಿ ಹೋಗಿತ್ತು. ಬಿದಿರು ಕಟ್ಟಿಕೊಂಡು ದಾಟುತ್ತಿದ್ದರು. ತಿಂಗಳಿಗೊಮ್ಮೆ ಬೋರ್ಡಿನ ಮುಂದೆ ನಿಂತು, ಒಂದೊಂದೇ ಸಾಲಿಗೆ ಬೆರಳು ಇಟ್ಟು ಕೆಳಗಿನವರೆಗೆ ಓದಿ, ಏನೂ ಹೇಳದೆ ಹೋಗುತ್ತಿದ್ದರು. 2025ರ ಬೇಸಿಗೆಯಲ್ಲಿ ಒಂದು ದಿನ ಅವರ ಬೆರಳು ಎರಡನೆಯ ಪುಟದ ನಡುವೆ ನಿಂತಿತು. ನಾನು ಕೌಂಟರಿನಿಂದ ನೋಡುತ್ತಾ ಇದ್ದೆ. ಇನ್ನೊಮ್ಮೆ ಓದಿದರು. ಆಮೇಲೆ ಒಳಗೆ ಬಂದು, ಸೆರಗಿನ ಗಂಟು ಬಿಚ್ಚಿ, "ಆ ಎರಡನೇ ಪುಟ ನಂಗೊಂದು ತೆಗೆದು ಕೊಡಿ, ಎರಡು ರೂಪಾಯಿ ಅಲ್ವಾ" ಅಂದರು.